ಓದುಗರ ಪ್ರಶ್ನೋತ್ತರ: ಲೂಪ್‌ಬ್ಯಾಕ್ ಅಪ್ ಆಗದಿದ್ದಾಗ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ತೋಟದ ಮಳೆಮಾಪಕಕ್ಕೆ ಸಣ್ಣ ಲಿನಕ್ಸ್ ಬೋರ್ಡು ಜೋಡಿಸಿದವರು, ಸ್ವಂತ ಇನಿಟ್ (ಬೂಟ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಬರೆಯಲು ಹೊರಟವರು, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೇ ಸ್ವಂತವಾಗಿ ಕೈಹಾಕಿದವರು ಎಲ್ಲರೂ ಲೂಪ್‌ಬ್ಯಾಕ್ (ಒಂದೇ ಯಂತ್ರದೊಳಗಿನ ಪ್ರೋಗ್ರಾಮುಗಳು ತಮ್ಮಲ್ಲೇ ಮಾತಾಡಿಕೊಳ್ಳುವ ಒಳದಾರಿ) ಬಳಿ ಬಂದು ನಿಂತಿದ್ದಾರೆ. ಹಾಗಾಗಿ ಇಡೀ ಅಂಕಣ ಅದಕ್ಕೇ ಮೀಸಲು.

ಕಮಾಂಡು, ಕಾನ್‌ಸ್ಟೆಂಟುಗಳ ಹೆಸರನ್ನು ಓದುವ ಉಚ್ಚಾರದಲ್ಲೇ ಅಚ್ಚು ಮಾಡಿದ್ದೇವೆ. ಟೈಪಿಸುವಾಗ ಕಮಾಂಡುಗಳಿಗೆ ಇಂಗ್ಲಿಷಿನ ಸಣ್ಣಕ್ಷರ, ಕಾನ್‌ಸ್ಟೆಂಟುಗಳಿಗೆ ದೊಡ್ಡಕ್ಷರ. ಇಲ್ಲಿ ಕೊಟ್ಟಿರುವ ಎರರ್ ಸಂಖ್ಯೆಗಳು ಎಕ್ಸ್86 ಮತ್ತು ಆರ್ಮ್ ಯಂತ್ರಗಳವು. ಮಿಪ್ಸ್ ಚಿಪ್ ಇರುವ ಹಳೆಯ ರೌಟರ್ ಬೋರ್ಡಿನಲ್ಲಿ ಪ್ರಯೋಗ ಮಾಡುವವರಿಗೆ ಕೆಲವು ಸಂಖ್ಯೆ ಬೇರೆ ಬರುತ್ತವೆ, ಅಲ್ಲಿ ಹೆಸರನ್ನೇ ನಂಬಿ.

ಪ್ರಶ್ನೆ: ತೋಟದಲ್ಲಿ ಮಳೆ ಅಳೆಯುವ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಸಣ್ಣ ಆರ್ಮ್ ಬೋರ್ಡು, ನಾವೇ ಕಟ್ಟಿದ ಲಿನಕ್ಸ್ ಕರ್ನಲ್, ಸಿ ಭಾಷೆಯಲ್ಲಿ ನಾವೇ ಬರೆದ ಇನಿಟ್. ಮಾಪಕದ ಬಕೆಟ್ ಒಮ್ಮೆ ವಾಲಿದರೆ ಒಂದು ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು) ಮಳೆ. ಎಣಿಸುವ ಪ್ರೋಗ್ರಾಂ ಆ ಲೆಕ್ಕವನ್ನು ಅದೇ ಬೋರ್ಡಿನಲ್ಲಿರುವ, ಸಂದೇಶ ಹಂಚುವ ಮೊಸ್ಕಿಟ್ಟೊ ಬ್ರೋಕರ್‌ಗೆ, ಅಂದರೆ 127.0.0.1ರ 1883ನೇ ಪೋರ್ಟಿಗೆ ಕಳಿಸಬೇಕು. ಲ್ಯಾಪ್‌ಟಾಪಿನಲ್ಲಿ ಎಲ್ಲ ಸಲೀಸು. ಬೋರ್ಡಿನಲ್ಲಿ ಬ್ರೋಕರ್ ಶುರುವಾಗುವುದೇ ಇಲ್ಲ, ಎರರ್ 99. ಎಣಿಸುವ ಪ್ರೋಗ್ರಾಮಿಗೆ ಎರರ್ 101. ಲ್ಯಾಬಿನಲ್ಲಿ ಬೋರ್ಡನ್ನು ನೆಟ್‌ವರ್ಕ್ ಕೇಬಲ್ ಮೂಲಕ ಬೂಟ್ ಮಾಡುತ್ತಿದ್ದಾಗ ಸರಿ ಇತ್ತು, ಎಸ್‌ಡಿ ಕಾರ್ಡಿಗೆ ಹಾಕಿದ ಮೇಲೆ ಹೀಗಾಗಿದೆ. ಏನು ಬಿಟ್ಟುಹೋಗಿದೆ ಸರ್?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ನಿಮ್ಮ ಇನಿಟ್ ‘ಲೋ’ (ಲಿನಕ್ಸ್‌ನಲ್ಲಿ ಲೂಪ್‌ಬ್ಯಾಕಿನ ಹೆಸರು) ಇಂಟರ್‌ಫೇಸನ್ನು ಅಪ್ ಮಾಡಿಲ್ಲ. ಬಿಟ್ಟುಹೋಗಿರುವುದು ಅದೊಂದೇ.

ಲಿನಕ್ಸ್ ಕರ್ನಲ್ ಬೂಟ್ ಆಗುವಾಗ ‘ಲೋ’ವನ್ನು ತಾನೇ ಸೃಷ್ಟಿಸುತ್ತದೆ. ಅದಕ್ಕೆಂದು ಬೇರೆ ಕಾನ್ಫಿಗ್ ಆಯ್ಕೆ ಇಲ್ಲ, ನೆಟ್‌ವರ್ಕಿಂಗ್ ಸೇರಿಸಿ ಕಟ್ಟಿದ ಪ್ರತಿ ಕರ್ನಲ್‌ನಲ್ಲೂ ಅದು ಇರುತ್ತದೆ, ಅದರ ಇಂಡೆಕ್ಸ್ ಯಾವಾಗಲೂ 1. ಆದರೆ ಸೃಷ್ಟಿಸಿ ಡೌನ್ ಸ್ಥಿತಿಯಲ್ಲೇ ಬಿಡುತ್ತದೆ. ಅಪ್ ಮಾಡುವುದು ಕರ್ನಲ್ ಹೊರಗಿನ ಪ್ರೋಗ್ರಾಮುಗಳ, ಅಂದರೆ ಯೂಸರ್‌ಸ್ಪೇಸಿನ ಹೊಣೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಕೆಲಸವನ್ನು ಅದರ ಇನಿಟ್ ಆದ ಸಿಸ್ಟಮ್‌ಡಿ ಬೂಟಿನ ಆರಂಭದಲ್ಲೇ ಸದ್ದಿಲ್ಲದೆ ಮುಗಿಸಿರುತ್ತದೆ. ಬಿಲ್ಡ್‌ರೂಟ್‌ನಂಥ ಪುಟ್ಟ ವ್ಯವಸ್ಥೆಗಳಲ್ಲಿ ನೆಟ್‌ವರ್ಕ್ ಸ್ಕ್ರಿಪ್ಟ್ ಮಾಡುತ್ತದೆ. ಸ್ವಂತ ಇನಿಟ್ ಬರೆದವರಿಗೆ ಇವೆರಡೂ ಇಲ್ಲ.

ಲ್ಯಾಬಿನಲ್ಲಿ ಸರಿ ಇದ್ದದ್ದಕ್ಕೂ ಕಾರಣವಿದೆ, ಇದು ಹಲವರನ್ನು ದಾರಿ ತಪ್ಪಿಸುತ್ತದೆ. ಎನ್‌ಎಫ್‌ಎಸ್ (ನೆಟ್‌ವರ್ಕಿನಿಂದ ಕಡತ ತರುವ ವಿಧಾನ) ಮೂಲಕ ಬೂಟ್ ಮಾಡುವಾಗ ಕರ್ನಲ್ ಕಮಾಂಡ್‌ಲೈನಿನಲ್ಲಿ ‘ಐಪಿ=’ ಎಂಬ ಪ್ಯಾರಾಮೀಟರ್ ಕೊಟ್ಟಿರುತ್ತೀರಿ. ಅದು ಇದ್ದರೆ ವಿಳಾಸ ಹುಡುಕಲು ಹೊರಡುವ ಮೊದಲು ಕರ್ನಲ್ಲೇ ಲೂಪ್‌ಬ್ಯಾಕನ್ನು ಅಪ್ ಮಾಡಿಬಿಡುತ್ತದೆ. ಎಸ್‌ಡಿ ಕಾರ್ಡಿಗೆ ಬಂದಾಗ ಆ ಪ್ಯಾರಾಮೀಟರ್ ಹೋಯಿತು, ಜೊತೆಗೆ ಈ ಉಪಕಾರವೂ ಹೋಯಿತು. ನಿಮ್ಮ ಕೋಡಿನಲ್ಲಿ ಆ ಕೊರತೆ ಮೊದಲಿನಿಂದಲೂ ಇತ್ತು, ಈಗ ಹೊರಬಿದ್ದಿದೆ.

ಇನಿಟ್‌ನಲ್ಲಿ ಸೇರಿಸಬೇಕಾದದ್ದು ಇಪ್ಪತ್ತು ಸಾಲಿಗಿಂತ ಕಡಿಮೆ. ಮೊದಲು ಎಎಫ್‌_ಐನೆಟ್, ಸಾಕ್_ಡಿಗ್ರಾಂ ಬಗೆಯ ಒಂದು ಸಾಕೆಟ್ ತೆರೆಯಿರಿ. ಇದರಿಂದ ಯಾವ ಪ್ಯಾಕೆಟ್ಟೂ ಹೋಗುವುದಿಲ್ಲ, ಕರ್ನಲ್‌ನ ನೆಟ್‌ವರ್ಕ್ ಭಾಗದ ಜೊತೆ ಮಾತಾಡಲು ಒಂದು ಹಿಡಿಕೆ ಬೇಕು, ಅಷ್ಟೆ. ಇನಿಟ್ ಮುಂದೆ ಬೇರೆ ಪ್ರೋಗ್ರಾಮುಗಳನ್ನು ಹುಟ್ಟಿಸುವುದರಿಂದ ಸಾಕ್_ಕ್ಲೋಎಕ್ಸೆಕ್ ಕೂಡ ಸೇರಿಸಿ. ಆಮೇಲೆ ಐಎಫ್‌ರೆಕ್ ಎಂಬ ಸ್ಟ್ರಕ್ಚರನ್ನು ಪೂರ್ತಿ ಸೊನ್ನೆ ಮಾಡಿ, ಅದರ ಹೆಸರಿನ ಜಾಗಕ್ಕೆ ‘ಲೋ’ ಎಂದು ಬರೆಯಿರಿ. ಎಸ್‌ಐಓಸಿ_ಗೆಟ್_ಐಎಫ್‌ಫ್ಲ್ಯಾಗ್ಸ್ (ಹೆಡರಿನಲ್ಲಿ ‘ಗೆಟ್’ಗೆ ಜಿ ಅಕ್ಷರ ಮಾತ್ರ, ಅಂಡರ್‌ಸ್ಕೋರ್ ಇಲ್ಲ, ಬೆಲೆ ಹೆಕ್ಸ್ 8913) ಕೊಟ್ಟು ಕರ್ನಲ್‌ಗೆ ಆಜ್ಞೆ ಕೊಡುವ ಐಒಸಿಟಿಎಲ್ ಫಂಕ್ಷನ್ ಕರೆಯಿರಿ, ಈಗಿನ ಫ್ಲ್ಯಾಗ್ ಸಿಗುತ್ತದೆ. ಅದಕ್ಕೆ ಐಎಫ್‌ಎಫ್‌_ಅಪ್ ಬಿಟ್ ಸೇರಿಸಿ, ಅದೇ ಸ್ಟ್ರಕ್ಚರನ್ನು ಸೆಟ್ ರೂಪದ ಕರೆಗೆ (ಹೆಕ್ಸ್ 8914) ಕೊಡಿ. ಸಾಕೆಟ್ ಮುಚ್ಚಿ. ಮುಗಿಯಿತು.

ವಿಳಾಸ ಕೊಡುವ ಹಂತ ಎಲ್ಲಿ ಎಂದು ಕೇಳಬಹುದು. ಲಿನಕ್ಸ್‌ನಲ್ಲಿ ಬೇಕಿಲ್ಲ. ‘ಲೋ’ ಅಪ್ ಆದ ಗಳಿಗೆಯಲ್ಲಿ ಅದಕ್ಕೆ ಯಾವ ಐಪಿವಿ4 ವಿಳಾಸವೂ ಇಲ್ಲದಿದ್ದರೆ ಕರ್ನಲ್ ತಾನೇ 127.0.0.1/8 ಹಾಕುತ್ತದೆ. ಐಪಿವಿ6 ಇದ್ದರೆ ::1/128 ಕೂಡ ಸೇರಿಸುತ್ತದೆ.

ಈಗ ಆ ಸ್ಟ್ರಕ್ಚರನ್ನು ಹತ್ತಿರದಿಂದ ನೋಡೋಣ. 64 ಬಿಟ್ ಯಂತ್ರದಲ್ಲಿ ಐಎಫ್‌ರೆಕ್ 40 ಬೈಟ್, 32 ಬಿಟ್‌ನಲ್ಲಿ 32 ಬೈಟ್. ಎರಡರಲ್ಲೂ ಮೊದಲ 16 ಬೈಟ್ ಹೆಸರಿಗೆ: ಹೆಕ್ಸ್‌ನಲ್ಲಿ 6ಸಿ, 6ಎಫ್, ಉಳಿದದ್ದೆಲ್ಲ 00. ಫ್ಲ್ಯಾಗ್ ಇರುವುದು ಅದರ ಮುಂದಿನ ಎರಡು ಬೈಟಿನಲ್ಲಿ. ಡೌನ್ ಇರುವಾಗ ಓದಿದರೆ 8 ಬರುತ್ತದೆ, ಅದು ಲೂಪ್‌ಬ್ಯಾಕ್ ಎಂಬ ಗುರುತಿನ ಬಿಟ್. ನೀವು 1 ಸೇರಿಸಿ 9 ಬರೆಯುತ್ತೀರಿ. ಮತ್ತೆ ಓದಿದರೆ 9 ಬರುವುದಿಲ್ಲ, 73 ಬರುತ್ತದೆ! ಗಾಬರಿ ಬೇಡ. ಓಡುತ್ತಿದೆ ಎಂದು ಹೇಳುವ 64ರ ಬಿಟ್ಟನ್ನು ಕರ್ನಲ್ ಸೇರಿಸಿಕೊಟ್ಟಿದೆ: 64, 8, 1 ಸೇರಿ 73. ಇಫ್‌ಕಾನ್ಫಿಗ್ ಕಮಾಂಡಿನಲ್ಲಿ ‘ಲೋ’ ಎದುರು ಕಾಣುವ 73 ಇದೇ. ಆದರೆ ಸಿಸ್ ಫೈಲ್‌ಸಿಸ್ಟಮ್‌ನಲ್ಲಿ ‘ಲೋ’ದ ಫ್ಲ್ಯಾಗ್ಸ್ ಕಡತ ತೆರೆದರೆ 9 ಎಂದೇ ಇರುತ್ತದೆ, ಅಲ್ಲಿ ಆ ಬಿಟ್ ಸೇರಿಸುವುದಿಲ್ಲ. ಎರಡೂ ಸರಿಯೇ. ನಿಮ್ಮ ಇನಿಟ್‌ನಲ್ಲಿ ಪರೀಕ್ಷೆ ಬರೆಯುವಾಗ ಪೂರ್ತಿ ಸಂಖ್ಯೆಯನ್ನು ಹೋಲಿಸಬೇಡಿ, 1ರ ಬಿಟ್ ಇದೆಯೇ ಎಂದಷ್ಟೇ ನೋಡಿ.

ಮೊದಲು ಓದದೆ ನೇರ 1 ಬರೆದರೂ ‘ಲೋ’ ಅಪ್ ಆಗುತ್ತದೆ, ಏಕೆಂದರೆ ಲೂಪ್‌ಬ್ಯಾಕ್ ಬಿಟ್ಟನ್ನು ಹೊರಗಿನವರು ಅಳಿಸಲಾಗದು. ಆದರೂ ಓದಿ, ಸೇರಿಸಿ, ಬರೆಯುವ ಪದ್ಧತಿಯನ್ನೇ ರೂಢಿಸಿಕೊಳ್ಳಿ. ನಾಳೆ ಇದೇ ಸಾಲುಗಳನ್ನು ಈಥರ್ನೆಟ್ ಇಂಟರ್‌ಫೇಸಿಗೆ ಬಳಸಿದಾಗ ಮಲ್ಟಿಕಾಸ್ಟ್ ಬಿಟ್ ಅಳಿಸಿಹೋಗುತ್ತದೆ, ಆ ತಪ್ಪನ್ನು ಹುಡುಕಲು ಒಂದು ವಾರ ಬೇಕಾದೀತು.

ಎರರ್ ಸಂಖ್ಯೆಗಳ ವಿಚಾರ. ಪ್ರತಿ ಕರೆಯ ರಿಟರ್ನ್ ವ್ಯಾಲ್ಯೂ ನೋಡಿ, ತಪ್ಪಿದರೆ ಎರ್‌ನೋ ಸಂಖ್ಯೆಯನ್ನು ಕನ್ಸೋಲಿಗೆ ಬರೆಯಿರಿ. ಸಾಕೆಟ್ ತೆರೆಯುವಾಗಲೇ 97 ಬಂದರೆ ಕರ್ನಲ್ ಕಟ್ಟುವಾಗ ಟಿಸಿಪಿ/ಐಪಿ ಆಯ್ಕೆ ಬಿಟ್ಟಿದ್ದೀರಿ. 38 ಬಂದರೆ ನೆಟ್‌ವರ್ಕಿಂಗ್ ಪೂರ್ತಿ ಇಲ್ಲ. ಐಒಸಿಟಿಎಲ್‌ನಲ್ಲಿ 19 ಬಂದರೆ ಹೆಸರು ತಪ್ಪು: ಸೊನ್ನೆ ಮಾಡದ ಸ್ಟ್ರಕ್ಚರು, ಕಡತದಿಂದ ಓದಿದ ಹೆಸರಿನ ಬಾಲಕ್ಕೆ ಅಂಟಿಕೊಂಡ ಹೊಸಸಾಲಿನ ಚಿಹ್ನೆ, ಇಲ್ಲವೇ ಒ ಅಕ್ಷರದ ಜಾಗದಲ್ಲಿ ಸೊನ್ನೆ. 1 ಬಂದರೆ ಕ್ಯಾಪ್_ನೆಟ್_ಅಡ್ಮಿನ್ ಅಧಿಕಾರ ಇಲ್ಲ, ಅಂದರೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಓಡಿಸುತ್ತಿಲ್ಲ. ನಿಮಗೆ ಬಂದ 99 ಬ್ರೋಕರ್‌ನ ಬೈಂಡ್ ಕರೆಯದು: 127.0.0.1 ಎಂಬ ವಿಳಾಸ ಈ ಯಂತ್ರದಲ್ಲೇ ಇಲ್ಲ ಎಂದರ್ಥ. ಮೊಸ್ಕಿಟ್ಟೊ 2.0ರಿಂದ ಈಚೆಗೆ ಅದರ ಸೆಟ್ಟಿಂಗ್ ಕಡತದಲ್ಲಿ ಲಿಸನರ್ ಸಾಲು ಬರೆಯದಿದ್ದರೆ ಲೂಪ್‌ಬ್ಯಾಕಿಗೆ ಮಾತ್ರ ಕಟ್ಟಿಕೊಳ್ಳುತ್ತದೆ, ಅದಕ್ಕೇ ನಿಮ್ಮಲ್ಲಿ ಏಳಲೇ ಇಲ್ಲ. 101 ಎಂದರೆ ಆ ವಿಳಾಸಕ್ಕೆ ದಾರಿ ಇಲ್ಲ. ‘ಲೋ’ ಅಪ್ ಮಾಡಿದ ಮೇಲೂ ಸಂಪರ್ಕ ಸಿಗದೆ 111 ಬಂದರೆ ಸಂತೋಷಪಡಿ: ದಾರಿ ತೆರೆದಿದೆ, ಆ ಪೋರ್ಟಿನಲ್ಲಿ ಕೇಳುವವರು ಇನ್ನೂ ಬಂದಿಲ್ಲ, ಅಷ್ಟೆ. ಬ್ರೋಕರ್ ಏಳುವ ತನಕ ಕಾದು ಮತ್ತೆ ಪ್ರಯತ್ನಿಸಿದರೆ ಸರಿಹೋಗುತ್ತದೆ.

0.0.0.0ಗೆ ಬೈಂಡ್ ಮಾಡುವ ಸರ್ವರ್ ಮಾತ್ರ ‘ಲೋ’ ಡೌನ್ ಇದ್ದರೂ ಯಾವ ದೂರೂ ಹೇಳದೆ ಏಳುತ್ತದೆ. ಲಾಗ್‌ನಲ್ಲಿ ಎಲ್ಲ ಸರಿ ಎಂದು ಕಾಣುತ್ತದೆ, ಒಳಗಿನಿಂದ ಯಾರೂ ಅದನ್ನು ಮುಟ್ಟಲಾಗುವುದಿಲ್ಲ. ಆದ್ದರಿಂದ ಸರ್ವರ್ ಎದ್ದಿತು ಎಂಬುದನ್ನೇ ‘ಲೋ’ ಸರಿ ಇದೆ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯಬೇಡಿ. ಹಾಗೆಯೇ ಪ್ರಾಕ್‌ನ ನೆಟ್/ಡೆವ್ ಕಡತದಲ್ಲಿ ‘ಲೋ’ ಹೆಸರು ಕಂಡರೂ ಸಾಲದು, ಡೌನ್ ಇದ್ದಾಗಲೂ ಅಲ್ಲಿ ಅದು ಕಾಣುತ್ತದೆ.

ಕೊನೆಯದಾಗಿ, ಈ ಹಂತ ವಿಫಲವಾದರೆ ಇನಿಟ್‌ನಿಂದ ಎಕ್ಸಿಟ್ ಆಗಬೇಡಿ. ಒಂದನೇ ಪ್ರೋಸೆಸ್ ಸತ್ತರೆ ಕರ್ನಲ್ ಪ್ಯಾನಿಕ್ ಆಗುತ್ತದೆ, ನೀವು ಬರೆದ ಎರರ್ ಸಾಲು ಪ್ಯಾನಿಕ್‌ನ ಉದ್ದ ಪಟ್ಟಿಯ ನಡುವೆ ಕಳೆದುಹೋಗುತ್ತದೆ. ಸಂದೇಶ ಬರೆದು ಮುಂದುವರಿಯಿರಿ. ಸ್ಥಳ: ಪ್ರಾಕ್, ಸಿಸ್ ಮೌಂಟ್ ಆದ ಬಳಿಕ, ಯಾವುದೇ ಸರ್ವರ್ ಶುರುವಾಗುವ ಮೊದಲು. ಐಒಸಿಟಿಎಲ್‌ಗೆ ಆ ಮೌಂಟುಗಳು ಬೇಕಿಲ್ಲ, ಆದರೆ ಪರೀಕ್ಷಿಸಲು ಬೇಕಾಗುತ್ತವೆ.

ಪ್ರಶ್ನೆ: ಬೋರ್ಡು ಇನ್ನೂ ಕೈಗೆ ಬಂದಿಲ್ಲ. ಮನೆಯ ಉಬುಂಟು ಲ್ಯಾಪ್‌ಟಾಪಿನಲ್ಲೇ ‘ಲೋ’ ಡೌನ್ ಮಾಡಿ ಅಭ್ಯಾಸ ಮಾಡಬಹುದೇ?
— ಓದುಗರು, ಮಡಿಕೇರಿ

ಉತ್ತರ: ನೇರವಾಗಿ ಬೇಡ. ಉಬುಂಟುವಿನಲ್ಲಿ ತಾಣದ ಹೆಸರನ್ನು ಐಪಿ ವಿಳಾಸವಾಗಿ ಬಿಡಿಸುವ ಸೇವೆ 127.0.0.53ರಲ್ಲಿ ಕೂತಿರುತ್ತದೆ. ‘ಲೋ’ ಕೆಳಗಿಳಿಸಿದರೆ ಬ್ರೌಸರಿನಲ್ಲಿ ಒಂದು ತಾಣವೂ ತೆರೆಯದು, ಮನೆಯವರು ಇಂಟರ್‌ನೆಟ್ ಹೋಯಿತೆಂದು ರೌಟರ್ ಆಫ್-ಆನ್ ಮಾಡುತ್ತಾ ಕೂರಬೇಕಾಗುತ್ತದೆ.

ಇದಕ್ಕೆ ನೆಟ್‌ವರ್ಕ್ ನೇಮ್‌ಸ್ಪೇಸ್, ಅಂದರೆ ತನ್ನದೇ ಇಂಟರ್‌ಫೇಸುಗಳಿರುವ ಪ್ರತ್ಯೇಕ ನೆಟ್‌ವರ್ಕ್ ಕೋಣೆ ಇದೆ. ‘ಸುಡೊ ಅನ್‌ಶೇರ್ ಮೈನಸ್ ಎನ್’ ಎಂದು ಟೈಪಿಸಿ. ಹೊಸ ಶೆಲ್ ತೆರೆಯುತ್ತದೆ. ಅದರೊಳಗೆ ‘ಐಪಿ ಲಿಂಕ್’ ಕೊಟ್ಟರೆ ಕಾಣುವುದು ಒಂದೇ ಇಂಟರ್‌ಫೇಸ್: ಇಂಡೆಕ್ಸ್ 1, ಹೆಸರು ‘ಲೋ’, ಸ್ಥಿತಿ ಡೌನ್. ಆಗತಾನೆ ಬೂಟ್ ಆದ ಬೋರ್ಡಿನದೇ ಪರಿಸ್ಥಿತಿ. ಮೊದಲು 127.0.0.1ಕ್ಕೆ ಪಿಂಗ್ ಮಾಡಿ ಎರರ್ ನೋಡಿಕೊಳ್ಳಿ, ನಿಮ್ಮ ಸಿ ಪ್ರೋಗ್ರಾಂ ಓಡಿಸಿ, ಮತ್ತೆ ಪಿಂಗ್ ಮಾಡಿ. ಎಕ್ಸಿಟ್ ಕೊಟ್ಟರೆ ಹಳೆಯ ಜಗತ್ತಿಗೆ ವಾಪಸ್, ಲ್ಯಾಪ್‌ಟಾಪಿಗೆ ಏನೂ ಆಗಿರುವುದಿಲ್ಲ. ಸುಡೊ ಇಲ್ಲದೆ ಮೈನಸ್ ಆರ್‌ಎನ್ ಕೊಟ್ಟು ಮಾಡುವ ದಾರಿಯೂ ಇದೆ, ಆದರೆ ಉಬುಂಟು 24.04 ಅದಕ್ಕೆ ಮೊದಲೇ ತಡೆ ಹಾಕಿರುತ್ತದೆ.

ಪಿಂಗ್ ಓಡಿದ ಮೇಲೆ 127.5.6.7ಕ್ಕೂ ಒಮ್ಮೆ ಪಿಂಗ್ ಮಾಡಿ ನೋಡಿ. ಉತ್ತರ ಬರುತ್ತದೆ. ವಿಳಾಸ ಒಂದೇ ಆದರೂ ಅದರ ಜೊತೆಗಿರುವ /8ರಿಂದಾಗಿ 127ರಿಂದ ಶುರುವಾಗುವ 1,67,77,216 ಸಂಖ್ಯೆಗಳೂ ಈ ಯಂತ್ರದವೇ.

ಪ್ರಶ್ನೆ: ‘ಐಪಿ ಲಿಂಕ್’ ಕೊಟ್ಟರೆ ‘ಲೋ’ ಎದುರು ಸ್ಟೇಟ್ ಅನ್‌ನೋನ್ ಎಂದು ಬರುತ್ತಿದೆ. ಅಪ್ ಎಂದು ಬರುವಂತೆ ಮಾಡುವುದು ಹೇಗೆ?
— ಕಂಪ್ಯೂಟರ್ ರಿಪೇರಿ ಅಂಗಡಿಯವರು, ವಿರಾಜಪೇಟೆ

ಉತ್ತರ: ಏನೂ ಮಾಡಬೇಡಿ, ಅದು ಆರೋಗ್ಯವಂತ ‘ಲೋ’. ಸ್ಟೇಟ್ ಎಂಬ ಜಾಗದಲ್ಲಿ ಡ್ರೈವರ್ ತನ್ನ ಕೇಬಲ್ಲಿನ ಸ್ಥಿತಿ ತಿಳಿಸುತ್ತದೆ. ಲೂಪ್‌ಬ್ಯಾಕಿಗೆ ಕೇಬಲ್ ಇಲ್ಲ, ಡ್ರೈವರ್ ಏನೂ ಹೇಳುವುದಿಲ್ಲ, ಆದ್ದರಿಂದ ಅನ್‌ನೋನ್. ನೀವು ನೋಡಬೇಕಾದದ್ದು ಕೋನಾಕಾರದ ಆವರಣದೊಳಗಿನ ಪಟ್ಟಿ: ಅಲ್ಲಿ ಅಪ್ ಎಂಬ ಪದ ಇದ್ದರೆ ಸಾಕು. ನಿಜವಾಗಿ ಡೌನ್ ಇದ್ದರೆ ಆವರಣದಲ್ಲಿ ಲೂಪ್‌ಬ್ಯಾಕ್ ಎಂಬ ಪದ ಒಂದೇ ಇರುತ್ತದೆ, ಸ್ಟೇಟ್ ಕೂಡ ಡೌನ್ ಎಂದೇ ತೋರಿಸುತ್ತದೆ. ಎಂಟಿಯು 65536 ಇರುವುದೂ ಸರಿಯೇ, ಈಥರ್ನೆಟ್ಟಿನ 1500ಕ್ಕೆ ಇಳಿಸಲು ಹೋಗಬೇಡಿ.

ಪ್ರಶ್ನೆ: ನಾನು ಕಂಟೇನರ್ (ಪ್ರೋಗ್ರಾಮನ್ನು ಪ್ರತ್ಯೇಕಿಸಿ ಓಡಿಸುವ ಆವರಣ) ನಡೆಸುವ ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ಐಒಸಿಟಿಎಲ್ ಹಳೆಯದು, ನೆಟ್‌ಲಿಂಕ್ (ಸಾಕೆಟ್ ಮೂಲಕ ಕರ್ನಲ್‌ಗೆ ಸಂದೇಶ ಕಳಿಸುವ ವಿಧಾನ) ಬಳಸಬೇಕು ಎನ್ನುತ್ತಾರೆ. ಲೈಬ್ರರಿ ಇಲ್ಲದೆ ನೆಟ್‌ಲಿಂಕ್‌ನಲ್ಲಿ ‘ಲೋ’ ಅಪ್ ಮಾಡಲು ಎಷ್ಟು ಬೈಟ್ ಕಳಿಸಬೇಕು? ನನ್ನ ಕೋಡಿನಲ್ಲಿ ಎರಡನೇ ಸಲ ಓಡಿಸಿದಾಗ ಮೈನಸ್ 17 ಬಂದು ಪ್ರೋಗ್ರಾಂ ನಿಲ್ಲುತ್ತದೆ.
— ಮನೆಯಿಂದಲೇ ಕೆಲಸ ಮಾಡುವ ಎಂಜಿನಿಯರ್, ಕುಶಾಲನಗರ

ಉತ್ತರ: ಬರೀ ‘ಲೋ’ ಅಪ್ ಮಾಡುವುದಕ್ಕಾದರೆ ಐಒಸಿಟಿಎಲ್ ಸಾಕು, ಅದು ಎಲ್ಲಿಗೂ ಹೋಗುವುದಿಲ್ಲ. ಕಂಟೇನರ್‌ಗೆ ವೀಥ್ ಜೋಡಿ (ಒಳಗನ್ನೂ ಹೊರಗನ್ನೂ ಬೆಸೆಯುವ ಕಾಲ್ಪನಿಕ ಕೇಬಲ್), ರೂಟಿಂಗ್ ದಾರಿ, ಐಪಿವಿ6 ಎಲ್ಲ ಬೇಕಾಗುವುದರಿಂದ ನಿಮ್ಮ ಮಟ್ಟಿಗೆ ನೆಟ್‌ಲಿಂಕ್ ಸರಿಯಾದ ಆಯ್ಕೆ.

ಕಳಿಸಬೇಕಾದದ್ದು 32 ಬೈಟ್. ಮೊದಲ 16 ಬೈಟ್ ಸಂದೇಶದ ತಲೆಪಟ್ಟಿ: ಉದ್ದ 32 (ನಾಲ್ಕು ಬೈಟ್), ಬಗೆ 16, ಅಂದರೆ ಆರ್‌ಟಿಎಂ_ನ್ಯೂಲಿಂಕ್ (ಎರಡು ಬೈಟ್), ಫ್ಲ್ಯಾಗ್ 5, ಅಂದರೆ ರಿಕ್ವೆಸ್ಟ್ 1 ಮತ್ತು ಉತ್ತರ ಕಳಿಸು ಎನ್ನುವ ಆ್ಯಕ್ 4 (ಎರಡು ಬೈಟ್), ನಿಮ್ಮ ಸರಣಿ ಸಂಖ್ಯೆ, ಆಮೇಲೆ ಪೋರ್ಟ್ ಐಡಿ, ಸೊನ್ನೆ ಇಟ್ಟರೆ ಆಯಿತು. ಉಳಿದ 16 ಬೈಟಿನಲ್ಲಿ ಇಂಟರ್‌ಫೇಸಿನ ವಿವರ: ಫ್ಯಾಮಿಲಿ, ಪ್ಯಾಡ್, ಟೈಪ್ ಮೂರೂ ಸೊನ್ನೆ, ಇಂಡೆಕ್ಸ್ 1, ಫ್ಲ್ಯಾಗ್ 1, ಚೇಂಜ್ 1.

ಈ ಕೊನೆಯ ಚೇಂಜ್‌ನಲ್ಲೇ ಹೆಚ್ಚಿನವರು ಎಡವುವುದು. ಯಾವ ಬಿಟ್ಟುಗಳನ್ನು ಬದಲಿಸಬೇಕೆಂದು ಅದು ಹೇಳುತ್ತದೆ. ಸೊನ್ನೆ ಬಿಟ್ಟರೆ ‘ಏನೂ ಬದಲಿಸಬೇಡ’ ಎಂದಾಗುತ್ತದೆ ಎಂದುಕೊಳ್ಳುತ್ತೇವೆ. ಕರ್ನಲ್ ಹಳೆಯ ಪ್ರೋಗ್ರಾಮುಗಳ ಹೊಂದಾಣಿಕೆಗಾಗಿ ಸೊನ್ನೆಯನ್ನು ‘ಎಲ್ಲ ಬಿಟ್ಟೂ ಬದಲಿಸು’ ಎಂದೇ ಓದುತ್ತದೆ. ‘ಲೋ’ಗೆ ಇದರಿಂದ ತೊಂದರೆ ಕಾಣುವುದಿಲ್ಲ, ನಿಮ್ಮ ವೀಥ್‌ಗೆ ಕಾಣುತ್ತದೆ.

ಉತ್ತರ ಓದುವುದನ್ನು ಬಿಡಬೇಡಿ. ನೆಟ್‌ಲಿಂಕ್‌ನಲ್ಲಿ ಸೆಂಡ್ ಕರೆ ಗೆದ್ದರೆ ಸಂದೇಶ ತಲುಪಿತು ಎಂದಷ್ಟೇ ತಿಳಿಯಬೇಕು, ಕೆಲಸ ಆಯಿತೆಂದಲ್ಲ. ಮರಳಿ ಬರುವ ಸಂದೇಶದ ಬಗೆ 2, ಹೆಸರು ಎರರ್. ಅದರೊಳಗಿನ ಸಂಖ್ಯೆ ಸೊನ್ನೆಯಾದರೆ ಗೆಲುವು, ಆಗ ಉದ್ದ 36 ಬೈಟ್ ಇರುತ್ತದೆ. ಋಣ ಸಂಖ್ಯೆಯಾದರೆ ಅದೇ ಎರರ್. ಎರರ್ ಎಂಬ ಹೆಸರು ನೋಡಿ ಗೆಲುವನ್ನೂ ಸೋಲೆಂದು ಎಣಿಸಿದ ಕೋಡು ಬಹಳ ಇದೆ.

ನಿಮ್ಮ ಮೈನಸ್ 17 ಅಪ್ ಮಾಡುವ ಹಂತದ್ದಲ್ಲ, 127.0.0.1 ಸೇರಿಸಲು ನೀವು ಕಳಿಸುತ್ತಿರುವ ಆರ್‌ಟಿಎಂ_ನ್ಯೂಅಡ್ರೆಸ್ ಸಂದೇಶದ್ದು, ಬಗೆ 20. ವಿಳಾಸ ಆಗಲೇ ಇದೆ ಎಂದರ್ಥ. ಮೊದಲ ಸಲ ವಿಳಾಸ ಸೇರಿಸಿ ಆಮೇಲೆ ಅಪ್ ಮಾಡಿದ್ದೀರಿ, ಎರಡನೇ ಸಲಕ್ಕೆ ಅದು ಅಲ್ಲೇ ಇತ್ತು. ಆ ಹಂತವನ್ನು ತೆಗೆದುಹಾಕಬಹುದು. ಇಟ್ಟುಕೊಳ್ಳುವುದಾದರೆ 17ನ್ನು ಗೆಲುವೆಂದೇ ಎಣಿಸಿ. ಪ್ರಿಫಿಕ್ಸ್ 8, ಸ್ಕೋಪ್ 254 (ಹೋಸ್ಟ್), ಇಂಡೆಕ್ಸ್ 1, ಅದರ ನಂತರ 8 ಬೈಟಿನ ಲೋಕಲ್ ಆ್ಯಟ್ರಿಬ್ಯೂಟ್, ಒಟ್ಟು ಅದೂ 32 ಬೈಟೇ.

ಇನ್ನೊಂದು ವಿಷಯ: ಪ್ರತಿ ಹೊಸ ನೇಮ್‌ಸ್ಪೇಸಿನಲ್ಲೂ ‘ಲೋ’ ಡೌನ್ ಆಗಿಯೇ ಹುಟ್ಟುತ್ತದೆ. ನೆಟ್‌ಲಿಂಕ್ ಸಾಕೆಟ್ ಯಾವ ನೇಮ್‌ಸ್ಪೇಸಿನಲ್ಲಿ ತೆರೆದಿರಿ ಎಂಬುದೇ ಲೆಕ್ಕ. ಅನ್‌ಶೇರ್‌ಗೆ ಮುಂಚೆ ತೆರೆದ ಸಾಕೆಟ್ಟನ್ನು ಆಮೇಲೆ ಬಳಸಿದರೆ ಹೊರಗಿನ ‘ಲೋ’ವನ್ನೇ ಅಪ್ ಮಾಡುತ್ತೀರಿ. ಅದು ಆಗಲೇ ಅಪ್ ಇರುವುದರಿಂದ ಸೊನ್ನೆಯೇ ಬರುತ್ತದೆ, ಕಂಟೇನರ್ ಒಳಗೆ ಮಾತ್ರ ಏನೂ ನಡೆಯುವುದಿಲ್ಲ.

ಪ್ರಶ್ನೆ: ನನ್ನ ಪ್ರೋಗ್ರಾಂ ‘ಲೋ’ಗೆ 127.0.0.1 ಹಾಕುತ್ತದೆ. ಇಫ್‌ಕಾನ್ಫಿಗ್‌ನಲ್ಲಿ ನೋಡಿದರೆ 1.0.0.127 ಎಂದು ತೋರಿಸುತ್ತದೆ. ಎರರ್ ಏನೂ ಇಲ್ಲ.
— ಪಾಲಿಟೆಕ್ನಿಕ್ ಉಪನ್ಯಾಸಕರು, ಸೋಮವಾರಪೇಟೆ

ಉತ್ತರ: ಬೈಟುಗಳ ಸಾಲು ತಿರುಗಿದೆ. ಐನ್‌ಅಡ್ರ್_ಲೂಪ್‌ಬ್ಯಾಕ್ ಎಂಬ ಕಾನ್‌ಸ್ಟೆಂಟಿನ ಬೆಲೆ ಹೆಕ್ಸ್ 7ಎಫ್000001. ನಿಮ್ಮ ಪ್ರೊಸೆಸರ್ ಚಿಕ್ಕ ಬೈಟನ್ನು ಮೊದಲು ಇಡುವ ಬಗೆಯದು, ಹಾಗಾಗಿ ಮೆಮೊರಿಯಲ್ಲಿ 01, 00, 00, 7ಎಫ್ ಎಂದು ಕೂರುತ್ತದೆ. ಕರ್ನಲ್ ಅದನ್ನು ನೆಟ್‌ವರ್ಕ್ ಕ್ರಮದಲ್ಲಿ (ದೊಡ್ಡ ಬೈಟ್ ಮೊದಲು) ಓದಿ 1.0.0.127 ಎಂದು ಸ್ವೀಕರಿಸುತ್ತದೆ. ಅದೂ ಒಂದು ವಿಳಾಸವೇ ಆದ್ದರಿಂದ ಎರರ್ ಇಲ್ಲ. ಎಚ್‌ಟಿಓಎನ್‌ಎಲ್ ಮೂಲಕ ದಾಟಿಸಿ ಕೊಡಿ. ಇನ್ನೂ ಒಳ್ಳೆಯದೆಂದರೆ ವಿಳಾಸ ಹಾಕುವ ಆ ಸಾಲುಗಳನ್ನೇ ತೆಗೆಯುವುದು. ‘ಲೋ’ಗೆ ಯಾವ ವಿಳಾಸವೂ ಇಲ್ಲದಿದ್ದರೆ ಮಾತ್ರ ಕರ್ನಲ್ ತಾನಾಗಿ 127.0.0.1 ಹಾಕುವುದು. ನೀವು ತಪ್ಪು ವಿಳಾಸ ಹಾಕಿ ಆಮೇಲೆ ಅಪ್ ಮಾಡಿದರೆ ಆ ಸಹಾಯವೂ ತಪ್ಪುತ್ತದೆ. ವಿದ್ಯಾರ್ಥಿಗಳಿಗೆ ತೋರಿಸಲು ಮಾತ್ರ ಇದು ಬಹಳ ಒಳ್ಳೆಯ ಉದಾಹರಣೆ. ತಿರುಗಿದ ಬೈಟು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವ ಜಾಗ ಇನ್ನೊಂದಿಲ್ಲ.

ಪ್ರಶ್ನೆ: ನಾನು ಕಾಫಿ ಬೆಳೆಗಾರ, ಕಂಪ್ಯೂಟರಿನ ಒಳಗುಟ್ಟು ಗೊತ್ತಿಲ್ಲ. ಮಗ ಒಂದು ಬೋರ್ಡು ಜೋಡಿಸಿಕೊಟ್ಟಿದ್ದಾನೆ: ಮಳೆ, ತೇವ, ಉಷ್ಣಾಂಶ ಬರೆದಿಟ್ಟು ವರಾಂಡದ ಪರದೆಯಲ್ಲಿ ತೋರಿಸುತ್ತದೆ. ಕಕ್ಕಡ ತಿಂಗಳ ಮಳೆಗೆ ವೈಫೈ ಹೋದ ತಕ್ಷಣ ಪರದೆಯೂ ಖಾಲಿ. ಕರೆಂಟ್ ಹೋಗಿ ಬಂದರೆ ಎರಡು ನಿಮಿಷ ಏನೂ ಬರುವುದಿಲ್ಲ. ಪರದೆ, ಮಾಪಕ ಎರಡೂ ಅದೇ ಬೋರ್ಡಿಗೆ ಸೇರಿರುವಾಗ ಹೊರಗಿನ ಲೈನ್ ಹೋದರೆ ಇದೇಕೆ ನಿಲ್ಲಬೇಕು? ‘ಲೂಪ್‌ಬ್ಯಾಕ್ ನೋಡಬೇಕು’ ಎಂದ ಮಗ, ಅವನಿರುವುದು ಬೆಂಗಳೂರಿನಲ್ಲಿ.
— ಬೆಳೆಗಾರರು, ಸಿದ್ದಾಪುರ

ಉತ್ತರ: ನಿಮ್ಮ ಪ್ರಶ್ನೆಯೇ ಸರಿಯಾದ ಪ್ರಶ್ನೆ. ನಿಲ್ಲಬಾರದು. ಬೋರ್ಡಿನೊಳಗಿನ ಎರಡು ಪ್ರೋಗ್ರಾಮುಗಳು ಮಾತಾಡಿಕೊಳ್ಳಲು ಹೊರಗಿನ ತಂತಿಯೂ ಬೇಡ, ವೈಫೈಯೂ ಬೇಡ. ಲೂಪ್‌ಬ್ಯಾಕ್ ಇರುವುದೇ ಅದಕ್ಕೆ. ಅದರ ಮೂಲಕ ಹೋದ ಪ್ಯಾಕೆಟ್ ಬೋರ್ಡಿನ ಮೆಮೊರಿ ಬಿಟ್ಟು ಆಚೆ ಬರುವುದೇ ಇಲ್ಲ.

ವೈಫೈ ಹೋದಾಗ ಪರದೆ ಖಾಲಿಯಾಗುವುದರಿಂದ ನಮ್ಮ ಅನುಮಾನ ಇದು: ಪರದೆಯ ಪ್ರೋಗ್ರಾಂ ಮಾಪಕದ ಪ್ರೋಗ್ರಾಮನ್ನು 127.0.0.1ರಲ್ಲಿ ಹುಡುಕುತ್ತಿಲ್ಲ, ರೌಟರ್ ಕೊಟ್ಟ 192.168 ಎಂದು ಶುರುವಾಗುವ ವಿಳಾಸದಲ್ಲಿ ಹುಡುಕುತ್ತಿದೆ. ವೈಫೈ ಕಡಿದಾಗ ಆ ವಿಳಾಸವನ್ನು ಬೋರ್ಡಿನಿಂದ ತೆಗೆದುಹಾಕುವ ವ್ಯವಸ್ಥೆಗಳಿವೆ. ವಿಳಾಸ ಹೋದರೆ ಸಂಪರ್ಕವೂ ಹೋಯಿತು. ಮಗನಿಗೆ ಹೇಳಿ: ಪರದೆಯ ಸೆಟ್ಟಿಂಗಿನಲ್ಲಿ ಸರ್ವರ್ ವಿಳಾಸ 127.0.0.1 ಆಗಿರಬೇಕು. ‘ಲೋಕಲ್‌ಹೋಸ್ಟ್’ ಎಂಬ ಹೆಸರಿಗಿಂತ ಸಂಖ್ಯೆಯೇ ಮೇಲು. ಹೆಸರು ಬಿಡಿಸಲು ಹೋಸ್ಟ್ಸ್ ಎಂಬ ಕಡತ ನೋಡಬೇಕಾಗುತ್ತದೆ, ಕೈಯಲ್ಲಿ ಕಟ್ಟಿದ ವ್ಯವಸ್ಥೆಯಲ್ಲಿ ಅದು ಇಲ್ಲದಿರಬಹುದು. ಇದ್ದರೂ ಹೆಸರು ಮೊದಲು ::1 ಎಂದು ಬಿಡಿಸಿಕೊಳ್ಳಬಹುದು, ಸರ್ವರ್ ಅಲ್ಲಿ ಕೇಳುತ್ತಿರುವುದಿಲ್ಲ.

ಕರೆಂಟ್ ಬಂದ ಮೇಲಿನ ಎರಡು ನಿಮಿಷ ಬೇರೆ ವಿಷಯ. ಸಿಸ್ಟಮ್‌ಡಿಯ ನೆಟ್‌ವರ್ಕ್ ಕಾಯುವ ಸೇವೆ ಹೊರಗಿನ ಸಂಪರ್ಕಕ್ಕಾಗಿ 120 ಸೆಕೆಂಡ್ ಕಾಯುತ್ತದೆ. ಮಾಪಕದ ಪ್ರೋಗ್ರಾಂ ‘ನೆಟ್‌ವರ್ಕ್-ಆನ್‌ಲೈನ್’ ಆದ ಮೇಲೇ ಶುರುವಾಗಲಿ ಎಂದು ಬರೆದಿದ್ದರೆ ಅಷ್ಟು ಹೊತ್ತಿನ ಮಳೆಯ ಲೆಕ್ಕ ಹೋಯಿತು. ಜುಲೈನಲ್ಲಿ ಎರಡು ನಿಮಿಷ ಎಂದರೆ ಕೆಲವು ಸೆಂಟ್ ಮಳೆ ಬಿದ್ದಿರುತ್ತದೆ. ಮಾಪಕಕ್ಕೂ ಪರದೆಗೂ ಆ ಷರತ್ತು ಬೇಡ. ಸಿಸ್ಟಮ್‌ಡಿ ಇರುವ ಬೋರ್ಡಿನಲ್ಲಿ ಸೇವೆಗಳು ಶುರುವಾಗುವ ಹೊತ್ತಿಗೆ ‘ಲೋ’ ಅಪ್ ಆಗಿಯೇ ಇರುತ್ತದೆ. ಬೆಂಗಳೂರಿಗೆ ಲೆಕ್ಕ ಕಳಿಸುವ ಪ್ರೋಗ್ರಾಂ ಒಂದಕ್ಕೆ ಮಾತ್ರ ಆ ಷರತ್ತು ಇರಲಿ.

ಪ್ರಶ್ನೆ: ನಮ್ಮ ಬ್ರೋಕರ್ 127.0.0.1ರಲ್ಲಿ ಮಾತ್ರ ಕೇಳುತ್ತಿದೆ. ಹಾಗಾದರೆ ಪಾಸ್‌ವರ್ಡ್ ಬೇಡವಲ್ಲವೇ?
— ಓದುಗರು, ಗೋಣಿಕೊಪ್ಪಲು

ಉತ್ತರ: ವೈಫೈಯಲ್ಲಿರುವ ಪಕ್ಕದ ಯಂತ್ರದಿಂದ ಅದನ್ನು ಮುಟ್ಟಲಾಗದು. ಹೊರಗಿನ ಇಂಟರ್‌ಫೇಸಿನಿಂದ 127ರ ವಿಳಾಸ ಹೊತ್ತು ಬರುವ ಪ್ಯಾಕೆಟ್ಟನ್ನು ಕರ್ನಲ್ ಎಸೆಯುತ್ತದೆ, ರೂಟ್_ಲೋಕಲ್‌ನೆಟ್ ಸೆಟ್ಟಿಂಗ್ ಸೊನ್ನೆಯಾಗಿಯೇ ಇರುವ ತನಕ. ಆದರೆ ಅದೇ ಯಂತ್ರದಲ್ಲಿ ಲಾಗಿನ್ ಆಗುವ ಎಲ್ಲ ಬಳಕೆದಾರರೂ, ಅಲ್ಲಿ ಓಡುವ ಎಲ್ಲ ಪ್ರೋಗ್ರಾಮುಗಳೂ ಆ ಪೋರ್ಟನ್ನು ತೆರೆಯಬಹುದು. ಯಂತ್ರವನ್ನು ನಿಮ್ಮ ಪ್ರೋಗ್ರಾಂ ಬಿಟ್ಟು ಬೇರೆ ಯಾರೂ ಬಳಸದಿದ್ದರೆ ಸರಿ, ಇಲ್ಲದಿದ್ದರೆ ಪಾಸ್‌ವರ್ಡ್ ಇಡಿ.

ಪ್ರಶ್ನೆ: ಹವ್ಯಾಸಕ್ಕೆ ಸ್ವಂತ ಕರ್ನಲ್ ಬರೆಯುತ್ತಿದ್ದೇನೆ. ಲೂಪ್‌ಬ್ಯಾಕ್ ಡ್ರೈವರ್ ಸುಲಭ ಎಂದುಕೊಂಡು, ಕಳಿಸುವ ಫಂಕ್ಷನ್ನಿನಿಂದ ನೇರವಾಗಿ ಸ್ವೀಕರಿಸುವ ಫಂಕ್ಷನ್ ಕರೆದೆ. ಪಿಂಗ್, ಯುಡಿಪಿ ಎರಡೂ ಸರಿ. ಟಿಸಿಪಿ ಕನೆಕ್ಟ್ ಮಾಡಿದರೆ ಯಂತ್ರ ಸ್ತಬ್ಧ. ಲಾಕ್ ತೆಗೆದು ನೋಡಿದರೆ ಕನೆಕ್ಷನ್ ರಿಸೆಟ್ ಆಗುತ್ತದೆ. ಲೈಟ್‌ವೇಟ್ ಐಪಿ, ಅಂದರೆ ಎಲ್‌ಡಬ್ಲ್ಯುಐಪಿ ಎಂಬ ಸಿದ್ಧ ಟಿಸಿಪಿ/ಐಪಿ ಲೈಬ್ರರಿ ತಂದು ಜೋಡಿಸಿದರೆ ಅದರಲ್ಲಿ 127.0.0.1ಕ್ಕೆ ಕಳಿಸಿದ್ದು ಬರುವುದೇ ಇಲ್ಲ.
— ಹವ್ಯಾಸಿ ಪ್ರೋಗ್ರಾಮರ್, ನಾಪೋಕ್ಲು

ಉತ್ತರ: ಎರಡು ಲಕ್ಷಣಕ್ಕೂ ಮೂಲ ಒಂದೇ. ಕನೆಕ್ಟ್ ಕರೆದಾಗ ನಡೆಯುವುದನ್ನು ಹೆಜ್ಜೆಹೆಜ್ಜೆಯಾಗಿ ನೋಡಿ. ಗ್ರಾಹಕ ಸಾಕೆಟ್ಟಿನ ಲಾಕ್ ಹಿಡಿದು ಸಿನ್ (ಸಂಪರ್ಕದ ಕೋರಿಕೆ) ಕಳಿಸುತ್ತೀರಿ. ನಿಮ್ಮ ಡ್ರೈವರ್ ಅದನ್ನು ಅಲ್ಲೇ, ಅದೇ ಸ್ಟ್ಯಾಕಿನ ಮೇಲೆ, ಸ್ವೀಕರಿಸುವ ಫಂಕ್ಷನ್ನಿಗೆ ಕೊಡುತ್ತದೆ. ಕೇಳುತ್ತಿರುವ ಸಾಕೆಟ್ ಸಿನ್-ಆ್ಯಕ್ (ಅದಕ್ಕೆ ಒಪ್ಪಿಗೆ) ಕಳಿಸುತ್ತದೆ. ಅದೂ ಅಲ್ಲೇ ತಿರುಗಿ ಗ್ರಾಹಕ ಸಾಕೆಟ್ಟಿಗೆ ಬರುತ್ತದೆ. ಆ ಸಾಕೆಟ್ಟಿನ ಲಾಕ್ ಇರುವುದು ನಿಮ್ಮ ಕೈಯಲ್ಲೇ, ಮೊದಲ ಕರೆ ಇನ್ನೂ ಮುಗಿದಿಲ್ಲ. ತನ್ನನ್ನೇ ತಾನು ಕಾಯುತ್ತಾ ನಿಂತಿತು. ಲಾಕ್ ತೆಗೆದರೆ ಇನ್ನೊಂದು ತೊಂದರೆ: ಸ್ಥಿತಿಯನ್ನು ‘ಸಿನ್ ಕಳಿಸಿದೆ’ ಎಂದು ಬರೆಯುವ ಸಾಲು ಕಳಿಸುವ ಸಾಲಿನ ನಂತರ ಇದೆ. ಸಿನ್-ಆ್ಯಕ್ ಬಂದಾಗ ಸಾಕೆಟ್ ಇನ್ನೂ ‘ಮುಚ್ಚಿದೆ’ ಸ್ಥಿತಿಯಲ್ಲಿದೆ, ಗುರುತಿಲ್ಲದ ಪ್ಯಾಕೆಟ್ ಎಂದು ರಿಸೆಟ್ ಕಳಿಸುತ್ತದೆ. ನಿಜವಾದ ತಂತಿಯಲ್ಲಿ ಉತ್ತರ ಬರುವಷ್ಟರಲ್ಲಿ ಆ ಸಾಲು ಮುಗಿದಿರುತ್ತದೆ. ಅದಕ್ಕೇ ಈ ತಪ್ಪು ಈಥರ್ನೆಟ್ಟಿನಲ್ಲಿ ಅಡಗಿ ಕೂತು ಲೂಪ್‌ಬ್ಯಾಕಿನಲ್ಲಿ ಮಾತ್ರ ಎದ್ದು ಕಾಣುತ್ತದೆ.

ಪರಿಹಾರ: ನಡುವೆ ಒಂದು ಕ್ಯೂ. ಕಳಿಸುವ ಫಂಕ್ಷನ್ ಪ್ಯಾಕೆಟ್ಟನ್ನು ಕ್ಯೂಗೆ ಹಾಕಿ, ಗುರುತು ಎತ್ತಿ, ತಕ್ಷಣ ಮರಳಬೇಕು. ಲಾಕ್‌ಗಳೆಲ್ಲ ಬಿಟ್ಟ ಮೇಲೆ ಬೇರೆ ಸಂದರ್ಭದಲ್ಲಿ ಕ್ಯೂ ಬರಿದು ಮಾಡಬೇಕು. ಲಿನಕ್ಸ್ ಡ್ರೈವರ್ ಮಾಡುವುದೂ ಇದನ್ನೇ: ಪ್ಯಾಕೆಟ್ಟನ್ನು ಸಿಪಿಯುವಿನ ಬ್ಯಾಕ್‌ಲಾಗ್ ಕ್ಯೂಗೆ ಸೇರಿಸುತ್ತದೆ, ಕರ್ನಲ್ ಆಮೇಲೆ ಓಡಿಸುವ ಸಾಫ್ಟ್‌ಐಆರ್‌ಕ್ಯು ಅದನ್ನು ಎತ್ತಿಕೊಳ್ಳುತ್ತದೆ. ಕ್ಯೂಗೆ ಮಿತಿ ಇಡಿ. ಲಿನಕ್ಸ್‌ನಲ್ಲಿ ನಾವು ಬದಲಿಸದಿದ್ದರೆ ಇರುವ ಮಿತಿ 1000 ಪ್ಯಾಕೆಟ್, ನಿಮಗೆ 32 ಸಾಕು. ತುಂಬಿದರೆ ಎಸೆಯಿರಿ, ಟಿಸಿಪಿ ಮತ್ತೆ ಕಳಿಸಿಕೊಳ್ಳುತ್ತದೆ. ಪ್ಯಾಕೆಟ್ಟಿನ ಮೆಮೊರಿಯನ್ನು ಹಂಚಿಕೊಳ್ಳುವ ಆಸೆ ಬೇಡ, ಪ್ರತಿ ಮಾಡಿ. ಕಳಿಸಿದ ಪ್ರತಿಯನ್ನು ಆ್ಯಕ್ ಬರುವ ತನಕ ಟಿಸಿಪಿ ಹಿಡಿದಿಟ್ಟುಕೊಂಡಿರುತ್ತದೆ. ಸ್ವೀಕರಿಸುವ ಕಡೆ ಹೆಡರ್ ಕತ್ತರಿಸಿದರೆ ಅದರ ಪ್ರತಿಯೂ ಕೆಡುತ್ತದೆ.

ಎಲ್‌ಡಬ್ಲ್ಯುಐಪಿಯಲ್ಲಿ ಈ ಕ್ಯೂ ಸಿದ್ಧವಾಗಿಯೇ ಇದೆ. ಆಯ್ಕೆಗಳ ಕಡತದಲ್ಲಿ ನೆಟ್‌ಇಫ್_ಲೂಪ್‌ಬ್ಯಾಕ್ ಎಂದು ಮುಗಿಯುವ ಆಯ್ಕೆಯನ್ನು 1 ಮಾಡಿ. ಲೂಪ್‌ಇಫ್ ಆಯ್ಕೆಯೂ 1 ಇದ್ದರೆ ಆರಂಭದ ಇನಿಟ್ ಕರೆಯಲ್ಲೇ 127.0.0.1, ಮಾಸ್ಕ್ 255.0.0.0 ಹಾಕಿ ಅಪ್ ಕೂಡ ಮಾಡಿಕೊಡುತ್ತದೆ, ಅಷ್ಟಕ್ಕೆ ನೀವು ಬೇರೆ ಏನೂ ಕರೆಯಬೇಕಿಲ್ಲ. ನಿಮ್ಮಲ್ಲಿ ತಪ್ಪಿರುವುದು ಬರಿದು ಮಾಡುವ ಹಂತ. ಆಪರೇಟಿಂಗ್ ಸಿಸ್ಟಮ್ ಇಲ್ಲದ ಬಗೆಯಲ್ಲಿ, ಅಂದರೆ ನೋ_ಸಿಸ್ 1 ಇದ್ದಾಗ, ಕ್ಯೂ ತಾನಾಗಿ ಖಾಲಿಯಾಗುವುದಿಲ್ಲ. ಮುಖ್ಯ ಲೂಪಿನಲ್ಲಿ ಟೈಮರ್ ಪರೀಕ್ಷೆಯ ಪಕ್ಕದಲ್ಲೇ ನೆಟ್‌ಇಫ್_ಪೋಲ್_ಆಲ್ ಕರೆಯಿರಿ, ಇಂಟರಪ್ಟ್ ಒಳಗಿನಿಂದ ಮಾತ್ರ ಬೇಡ. ಮ್ಯಾಕ್ಸ್_ಪಿಬಫ್ಸ್ ಆಯ್ಕೆಯಲ್ಲಿ ಸೊನ್ನೆ ಇದ್ದರೆ ಕ್ಯೂಗೆ ಮಿತಿಯೇ ಇಲ್ಲ ಎಂದರ್ಥ. 20 ಕಿಲೋಬೈಟ್ ರ‍್ಯಾಮ್‌ನ ಚಿಪ್ಪಿನಲ್ಲಿ 1460 ಬೈಟಿನ ತುಂಡುಗಳು ಎರಡೆರಡು ಪ್ರತಿಯಾಗಿ ಕೂತರೆ ಐದಾರರಲ್ಲೇ ಮೆಮೊರಿ ಮುಗಿಯುತ್ತದೆ. ಅಲ್ಲಿ 4ರಿಂದ ಶುರುಮಾಡಿ, ಟಿಸಿಪಿ ತುಂಡಿನ ಗಾತ್ರವನ್ನು 536ಕ್ಕೆ ಇಳಿಸಿ ನೋಡಿ.